ವಾರಗಳ ಲೆಕ್ಕ: ತಾಲ್ಲೂಕು ಆಸ್ಪತ್ರೆಯಲ್ಲಿ ಕಲಿತ ಪಾಠಗಳು

ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕೋ ಬೇಡವೋ ಎಂಬುದು ಒಂದು ಚರ್ಚೆ. ಗರ್ಭಪಾತದ ಕಾನೂನು ಹೇಗಿರಬೇಕು ಎಂಬುದು ಇನ್ನೊಂದು. ಟಿ.ವಿ.ಯಲ್ಲೂ ವಿಧಾನಸೌಧದಲ್ಲೂ ಇವೆರಡು ಬೇರೆ ಬೇರೆ ದಿನ, ಬೇರೆ ಬೇರೆ ಜನರ ನಡುವೆ ನಡೆಯುತ್ತವೆ. ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ತಜ್ಞೆಯಾಗಿ ಕೆಲಸ ಮಾಡಿಕೊಂಡು ಬಂದ ನನಗೆ ಅವು ಒಂದೇ ಚರ್ಚೆ. ಕಾನೂನು ಮಾತಾಡುವುದು ವಾರಗಳ ಲೆಕ್ಕದಲ್ಲಿ. ಒಬ್ಬ ಹೆಣ್ಣುಮಗಳು ಎಷ್ಟನೇ ವಾರಕ್ಕೆ ನನ್ನೆದುರು ಬಂದು ಕೂರುತ್ತಾಳೆ ಎಂಬುದು, ತನ್ನ ಮೈಯ ಬಗ್ಗೆ ಅವಳಿಗೆ ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೇ ಇಲ್ಲವೇ ಎಂಬುದರ ಮೇಲೆ ನಿಂತಿರುತ್ತದೆ. ತಿಳಿಯದೆ ಕಳೆದ ಒಂದೊಂದು ವಾರಕ್ಕೂ ಅವಳ ದಾರಿ ಕಿರಿದಾಗುತ್ತ ಹೋಗುತ್ತದೆ. ಓಪಿಡಿಯಲ್ಲಿ ಕಂಡದ್ದನ್ನು ಪಾಠಗಳಾಗಿ ಇಲ್ಲಿ ಬರೆದಿದ್ದೇನೆ.

1. ಮೊದಲು ತಾರೀಖು

ನನ್ನ ಮೇಜಿನ ಪಕ್ಕದ ಗೋಡೆಗೆ ದೊಡ್ಡ ಅಕ್ಷರದ ಕ್ಯಾಲೆಂಡರ್ ಇದೆ. ಹಬ್ಬ, ಹುಣ್ಣಿಮೆ, ಅಮಾವಾಸ್ಯೆ ಎಲ್ಲ ಎದ್ದು ಕಾಣುವಂಥದ್ದು. ಬೇಕೆಂದೇ ತೂಗುಹಾಕಿಸಿದ್ದು. "ಕಡೀ ಸಲ ಯಾವಾಗ ಆಗಿತ್ತವ್ವಾ?" ಎಂದು ಕೇಳಿದರೆ ತಾರೀಖು ಹೇಳುವವರು ಕಡಿಮೆ. "ಕಾರಹುಣ್ಣಿಮಿ ಮುಂದ ಆಗಿತ್ರೀ" ಅನ್ನುತ್ತಾರೆ. "ಅಕ್ಕನ ಕುಬಸದ ದಿನಾನ ಹೊರಗ ಆಗಿದ್ದೆ ನೋಡ್ರೀ, ಆರತಿಗೂ ನಿಂದರಲಿಲ್ಲ" ಅನ್ನುತ್ತಾರೆ. ಆಗ ಇಬ್ಬರೂ ಕ್ಯಾಲೆಂಡರ್ ಮುಂದೆ ನಿಂತು ಹುಡುಕುತ್ತೇವೆ. ಸಿಕ್ಕ ದಿನದ ಮೇಲೆ ಬೆರಳಿಟ್ಟು ವಾರ ಎಣಿಸುತ್ತೇವೆ.

ಬಸಿರಿನ ವಾರಗಳನ್ನು ಕೂಡಿದ ದಿನದಿಂದ ಎಣಿಸುವುದಿಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಓದಿದವರಿಗೂ ಇದು ಗೊತ್ತಿರುವುದಿಲ್ಲ. ಅಂದರೆ ತಿಂಗಳು ತಪ್ಪಿತು ಎಂದು ಅನುಮಾನ ಬರುವ ಹೊತ್ತಿಗೇ ನಾಲ್ಕು ವಾರ ಮುಗಿದಿರುತ್ತದೆ. "ಇನ್ನೊಂದು ತಿಂಗಳು ನೋಡೋಣ" ಎಂದು ಕಾದರೆ ಎಂಟಾಗುತ್ತದೆ. ಗರ್ಭ ತೆಗೆಸುವುದು 9 ವಾರದವರೆಗೆ ಮಾತ್ರೆಯಲ್ಲಿ ಆಗುವ ಕೆಲಸ. 12 ವಾರದವರೆಗೆ, ಹಿಂದಿನ ಹೆರೆಯುವ ಪದ್ಧತಿಗಿಂತ ಸುರಕ್ಷಿತವಾದ, ಸಿರಿಂಜಿನಿಂದ ಹೀರಿ ತೆಗೆಯುವ ಚಿಕ್ಕ ವಿಧಾನ ಸಾಕು. 20ರವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರ ನಡುವೆ ಇಬ್ಬರು ವೈದ್ಯರು ಒಪ್ಪಬೇಕು, ಅದೂ ನಿಯಮದಲ್ಲಿ ಪಟ್ಟಿ ಮಾಡಿದವರಿಗೆ ಮಾತ್ರ: ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸಿರಿನ ನಡುವೆ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು, ಹೀಗೆ. 24 ದಾಟಿದರೆ ಭ್ರೂಣದಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಬೇಕು. ಇಲ್ಲವಾದರೆ ಹೈಕೋರ್ಟಿನ ಮೆಟ್ಟಿಲು.

ಮುಟ್ಟಿನ ತಾರೀಖು ಬರೆದಿಟ್ಟುಕೊಳ್ಳುವುದನ್ನು ಹುಡುಗಿಗೆ ಹನ್ನೆರಡನೇ ವಯಸ್ಸಿನಲ್ಲಿ ಕಲಿಸಿದರೆ ಅದೇ ಲೈಂಗಿಕ ಶಿಕ್ಷಣದ ಮೊದಲ ಅಧ್ಯಾಯ. ಅದರಲ್ಲಿ ಯಾರ ಸಂಸ್ಕೃತಿಯೂ ಕೆಡುವುದಿಲ್ಲ.

2. ಬರುವವರಲ್ಲಿ ಹೆಚ್ಚಿನವರು ಎರಡು ಮಕ್ಕಳ ತಾಯಂದಿರು

ಗರ್ಭಪಾತ ಎಂದ ಕೂಡಲೇ ಜನರ ಕಣ್ಣಮುಂದೆ ಬರುವುದು ಕಾಲೇಜು ಹುಡುಗಿ. ನನ್ನ ಓಪಿಡಿಯಲ್ಲಿ ಹೆಚ್ಚಾಗಿ ಕಾಣುವುದು ಸೊಂಟದ ಮೇಲೆ ಕೂಸನ್ನು ಹೊತ್ತು ಬಂದ ತಾಯಿ. ಹಾಲು ಕುಡಿಸುತ್ತಿರುವಾಗ ಬಸಿರು ನಿಲ್ಲುವುದಿಲ್ಲ ಎಂದು ನಂಬಿದವಳು. ಆಪರೇಶನ್ ಒಂದೇ ಕುಟುಂಬ ಯೋಜನೆ, ಅದನ್ನು ಮುಂದಿನ ವರ್ಷ ಮಾಡಿಸಿದರಾಯಿತು ಎಂದುಕೊಂಡವಳು. ಕಾಪರ್-ಟಿ ಎದೆಗೆ ಏರುತ್ತದೆ ಎಂದು ಓರಗಿತ್ತಿ ಹೆದರಿಸಿರುತ್ತಾಳೆ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, ವಾರದ ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗುತ್ತವೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಮದುವೆಯಾದ ಮಾತ್ರಕ್ಕೆ ತಿಳಿವಳಿಕೆ ತಾನಾಗಿ ಬರುತ್ತದೆ ಎಂದು ನಾವೆಲ್ಲ ಭಾವಿಸಿದ್ದೇವೆ. ಬರುವುದಿಲ್ಲ.

ಇಂಥವಳನ್ನು ಹಲವು ಕಡೆ "ಯಜಮಾನರನ್ನ ಕರಕೊಂಡು ಬಾ, ಸಹಿ ಬೇಕು" ಎಂದು ವಾಪಸು ಕಳಿಸುತ್ತಾರೆ. 18 ತುಂಬಿದ ಹೆಣ್ಣಿಗೆ ಅವಳದೇ ಸಹಿ ಸಾಕು. ಗಂಡ, ಅತ್ತೆ, ತಂದೆ ಯಾರ ಒಪ್ಪಿಗೆಯನ್ನೂ ಕಾನೂನು ಕೇಳುವುದಿಲ್ಲ. ಗಂಡ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿದ್ದರೆ ಆ ಒಂದು ಸಹಿಗೆ ಮೂರು ವಾರ ಹೋಗುತ್ತದೆ.

3. ಕಾನೂನಿನ ಮೈಕಟ್ಟು ತಿಳಿದಿರಲಿ

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಹೆಣ್ಣಿನ ಹಕ್ಕಿನ ಕಾಯ್ದೆ ಎಂದು ಹಲವರು ತಿಳಿದಿದ್ದಾರೆ. ಅದು ಹುಟ್ಟಿದ್ದು ಬೇರೆ ಕಾರಣಕ್ಕೆ. ಸೂಲಗಿತ್ತಿಯರ ಕೈಯಲ್ಲಿ, ಕಡ್ಡಿ ಹಾಕಿಸಿಕೊಂಡು, ನಂಜೇರಿ ಸಾಯುವ ಹೆಂಗಸರ ಸಂಖ್ಯೆ ಕಂಡು 1964ರಲ್ಲಿ ಶಾಂತಿಲಾಲ್ ಶಾ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ರಚಿಸಿತು. ಅದರ ವರದಿಯ ಆಧಾರದ ಮೇಲೆ ಕಾಯ್ದೆ ಬಂತು, 1972ರ ಏಪ್ರಿಲ್ 1ರಂದು ಜಾರಿಯಾಯಿತು. ಗರ್ಭಪಾತ ಅಪರಾಧ ಎಂಬ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಹಾಗೇ ಉಳಿಯಿತು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು. ತಾನೇ ಗರ್ಭ ತೆಗೆದುಕೊಂಡ ಹೆಣ್ಣೂ ಆ ಕಲಮಿನಡಿ ಅಪರಾಧಿಯೇ. 1971ರ ಕಾಯ್ದೆ ಮಾಡಿದ್ದು ಇಷ್ಟೇ: ಇಂಥಿಂಥ ಸಂದರ್ಭದಲ್ಲಿ, ಇಂಥ ಜಾಗದಲ್ಲಿ, ಇಂಥ ಅರ್ಹತೆಯ ವೈದ್ಯರು ಮಾಡಿದರೆ ಅವರಿಗೆ ಶಿಕ್ಷೆಯಿಲ್ಲ.

ಹೀಗಾಗಿ ತೀರ್ಮಾನ ವೈದ್ಯರ ಕೈಯಲ್ಲಿದೆ. ವೈದ್ಯರಿಗೆ ಧೈರ್ಯವಿದ್ದರೆ ಕಾನೂನು ಉದಾರ, ಅಂಜಿದರೆ ಕಠಿಣ. 2021ರ ತಿದ್ದುಪಡಿ ಕೆಲವನ್ನು ಸರಿಪಡಿಸಿತು. ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ 'ವಿವಾಹಿತೆ ಅಥವಾ ಅವಳ ಗಂಡ' ಎಂದಿದ್ದ ಜಾಗಕ್ಕೆ 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಎಂದು ಬಂತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, 20ರಿಂದ 24 ವಾರದ ಅವಕಾಶವನ್ನು ಮದುವೆಯಾಗದವರಿಗೂ ಕೊಡಬೇಕು ಎಂದಿತು. ಗಂಡನ ಬಲಾತ್ಕಾರದಿಂದ ಆದ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೆಂದೇ ಎಣಿಸಬೇಕು ಎಂದಿತು. ಆ ಪೀಠದ ಮೂವರಲ್ಲಿ ಒಬ್ಬರು ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ.

ಭ್ರೂಣವೂ ಜೀವ ಎನ್ನುವವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಿನಾ ಹೆರಿಗೆ ಮಾಡಿಸುವ ಕೈ ಇದು. ಅವರಿಗೆ ನಾನು ಹೇಳುವುದು ಇಷ್ಟೇ: 22ನೇ ವಾರದ ಗರ್ಭಪಾತ ನಿಮ್ಮನ್ನು ನೋಯಿಸುತ್ತದಾದರೆ, ಅದು ಏಳನೇ ವಾರದಲ್ಲೇ ಮುಗಿಯುವಂತೆ, ಇಲ್ಲವೇ ಬೇಡದ ಬಸಿರು ನಿಲ್ಲದಂತೆ ಮಾಡುವ ಶಿಕ್ಷಣವನ್ನು ವಿರೋಧಿಸಬೇಡಿ.

4. ಕಾನೂನು ಮಸುಕಾದರೆ ವೈದ್ಯರು ಕಾಯುತ್ತಾರೆ, ರೋಗ ಕಾಯುವುದಿಲ್ಲ

ಬೆಳಗಾವಿಯ ಸವಿತಾ ಹಾಲಪ್ಪನವರ್ ದಂತವೈದ್ಯೆಯಾಗಿದ್ದರು. ಐರ್ಲೆಂಡಿನ ಗಾಲ್ವೆಯಲ್ಲಿದ್ದರು. 2012ರ ಅಕ್ಟೋಬರ್‌ನಲ್ಲಿ, 17ನೇ ವಾರದಲ್ಲಿ, ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಯಿತು. ತೆಗೆದುಬಿಡಿ ಎಂದು ಕೇಳಿಕೊಂಡರು. ಭ್ರೂಣದ ಹೃದಯ ಬಡಿತ ಇನ್ನೂ ಇತ್ತು, ಹಾಗಾಗಿ ಆಗ ಮಾಡಲಿಲ್ಲ. ನಂಜೇರಿ ಅಕ್ಟೋಬರ್ 28ರಂದು ತೀರಿಕೊಂಡರು, 31ನೇ ವಯಸ್ಸಿನಲ್ಲಿ. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಎಂದು ಆ ದೇಶ 1983ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡಿತ್ತು. ಎಲ್ಲಿಯವರೆಗೆ ಕಾಯಬೇಕು, ಯಾವಾಗ ಕೈ ಹಾಕಬಹುದು ಎಂಬುದು ಅಲ್ಲಿನ ವೈದ್ಯರಿಗೆ ಸ್ಪಷ್ಟವಿರಲಿಲ್ಲ. 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ 66.4 ಮಂದಿ ಆ ವಿಧಿಯನ್ನು ತೆಗೆಯಿರಿ ಎಂದರು. ಅದಕ್ಕೆ ಮೊದಲು ಬೆಳಗಾವಿಯಲ್ಲಿದ್ದ ಸವಿತಾ ಅವರ ತಂದೆ, ಮಗಳನ್ನು ನೆನೆದು ಮತ ಹಾಕಿ ಎಂದು ಐರ್ಲೆಂಡಿನ ಜನರನ್ನು ಕೇಳಿಕೊಂಡಿದ್ದರು.

ನಮ್ಮ ಕಾಯ್ದೆಯ 5ನೇ ಕಲಮಿನಲ್ಲಿ, ತಾಯಿಯ ಜೀವ ಉಳಿಸಲು ತುರ್ತಾಗಿ ಬೇಕಾದರೆ ಎಷ್ಟನೇ ವಾರದಲ್ಲಾದರೂ ಒಬ್ಬ ವೈದ್ಯರೇ ತೀರ್ಮಾನಿಸಿ ಮಾಡಬಹುದು ಎಂದಿದೆ. ನೀರು ಹೋಗಿ ಜ್ವರ ಏರಿದ ಹೆಣ್ಣುಮಗಳನ್ನು ಆಂಬುಲೆನ್ಸಿನಲ್ಲಿ ಊರಿಂದೂರಿಗೆ ಕಳಿಸುವ ಮುಂಚೆ ಈ ಕಲಮನ್ನು ನೆನಪು ಮಾಡಿಕೊಳ್ಳಿ ಎಂದು ಹೊಸದಾಗಿ ಸೇರಿದ ಪ್ರತಿ ವೈದ್ಯರಿಗೂ ಹೇಳುತ್ತೇನೆ. ಹೇಳುವಾಗ ಸವಿತಾ ಹೆಸರನ್ನೂ ಹೇಳುತ್ತೇನೆ.

5. ಮೆಡಿಕಲ್ ಶಾಪಿನ ಕಿಟ್

ಒಂದು ಮಾತ್ರೆ, ಅದರ ಪಕ್ಕ ನಾಲ್ಕು ಚಿಕ್ಕ ಮಾತ್ರೆ. ನಮ್ಮ ಕಡೆ ಇದಕ್ಕೆ ಕಿಟ್ ಎಂದೇ ಹೆಸರು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ, ಆದರೂ ಗಂಡ ಹೋಗಿ ಕೇಳಿದರೆ ಸಿಗುತ್ತದೆ. ದೇಶದಲ್ಲಿ 2015ರಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವು ಎಂದು 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತ್ತು. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಕಾಣದ ಸಂಖ್ಯೆ ಅದು.

ಮಾತ್ರೆ ಒಳ್ಳೆಯದೇ. ಸರಿಯಾದ ವಾರದಲ್ಲಿ, ಸರಿಯಾಗಿ ತೆಗೆದುಕೊಂಡರೆ ಹೆಚ್ಚಿನವರಿಗೆ ಏನೂ ತೊಂದರೆಯಾಗುವುದಿಲ್ಲ. ತೊಂದರೆಯಾಗುವುದು ಹನ್ನೊಂದು, ಹದಿಮೂರು ವಾರಕ್ಕೆ ನುಂಗಿದಾಗ. ಇನ್ನೂ ದೊಡ್ಡ ಅಪಾಯ ಗರ್ಭ ನಳಿಕೆಯಲ್ಲಿ ನಿಂತಿದ್ದಾಗ. ಹಾಗೆ ಬಂದ ಒಬ್ಬಾಕೆಯ ಕಣ್ಣರೆಪ್ಪೆ ಎಳೆದು ನೋಡಿದರೆ ಒಳಗೆ ಕಾಗದದ ಹಾಗೆ ಬಿಳುಪು. ಕಿಟ್ ತೆಗೆದುಕೊಂಡಿದ್ದಳು, ರಕ್ತ ಹೆಚ್ಚು ಹೋಗಿರಲಿಲ್ಲ. "ಹೊಲಸು ಹೋಗಿಲ್ರೀ, ಅದಕ್ಕ ಹೊಟ್ಟಿ ನೋವು" ಎಂದು ಅತ್ತೆ ಹೇಳುತ್ತಿದ್ದರು. ನಳಿಕೆ ಒಡೆದು ರಕ್ತವೆಲ್ಲ ಹೊಟ್ಟೆಯೊಳಗೆ ಸೇರಿತ್ತು. ರಕ್ತ ಏರಿಸುತ್ತಲೇ ಆಪರೇಶನ್ ಮಾಡಿದೆವು, ಬದುಕಿದಳು.

ಆದ್ದರಿಂದ ಯಾರಿಗಾದರೂ ಹೇಳಬೇಕಾದಾಗ ಇಷ್ಟು ಹೇಳಿ. ಮಾತ್ರೆ ನುಂಗುವ ಮೊದಲು ವೈದ್ಯರಿಗೆ ತೋರಿಸಿ, ಗರ್ಭ ಎಲ್ಲಿದೆ, ಎಷ್ಟು ವಾರವಾಗಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಗಂಟೆಗೆ ಎರಡು ಪ್ಯಾಡು ತೊಯ್ಯುವಷ್ಟು ರಕ್ತ ಎರಡು ಗಂಟೆ ಹೋದರೆ, ಮರುದಿನವೂ ಜ್ವರವಿದ್ದರೆ, ಅಥವಾ ರಕ್ತವೇ ಹೋಗದಿದ್ದರೆ ಹೊತ್ತು ನೋಡದೆ ಆಸ್ಪತ್ರೆಗೆ ಬರಬೇಕು. ಬಂದಾಗ ಮಾತ್ರೆ ತೆಗೆದುಕೊಂಡದ್ದನ್ನು ಮುಚ್ಚಿಡಬಾರದು.

6. ಭ್ರೂಣಹತ್ಯೆಯ ಸಿಟ್ಟನ್ನು ಈ ಹೆಂಗಸರ ಮೇಲೆ ತೀರಿಸಬೇಡಿ

2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲ ನೆನಪಿರಬಹುದು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದರು. ಅದರ ಹಿಂದಿನ ವರ್ಷ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಗಳಲ್ಲಿ ತುಂಬಿ ಎಸೆದ ಭ್ರೂಣಗಳು ಸಿಕ್ಕಿದ್ದವು. ಹೆಣ್ಣೆಂದು ಗೊತ್ತಾಗಿ ತೆಗೆಸುವುದು ನೀಚ ಕೆಲಸ. ಅದಕ್ಕೆ 1994ರ ಪ್ರತ್ಯೇಕ ಕಾಯ್ದೆ ಇದೆ, ಅದು ಕಟ್ಟುನಿಟ್ಟಾಗಿ ಜಾರಿಯಾಗಲಿ.

ಆದರೆ ಪ್ರತಿ ಸಲ ಇಂಥ ಸುದ್ದಿ ಬಂದ ಮೇಲೆ ಏನಾಗುತ್ತದೆ ಎಂದರೆ, ಎಂಟು ವಾರದ ಹೆಂಗಸನ್ನೂ ಖಾಸಗಿ ವೈದ್ಯರು "ನಮಗ್ಯಾಕೆ ಉಸಾಬರಿ" ಎಂದು ಹೊರಗೆ ಕಳಿಸುತ್ತಾರೆ. ಎಂಟನೇ ವಾರದ ಸ್ಕ್ಯಾನಿಂಗಿನಲ್ಲಿ ಹೆಣ್ಣು ಗಂಡು ಗೊತ್ತಾಗುವುದೇ ಇಲ್ಲ. ಬೇಗ ಬಂದವಳನ್ನು ಬೇಗ ನೋಡಿ ಕಳಿಸುವುದರಿಂದ ಲಿಂಗಪತ್ತೆಗೆ ಎಳ್ಳಷ್ಟೂ ಸಹಾಯವಾಗುವುದಿಲ್ಲ. ತಡ ಮಾಡಿಸಿದರೆ ಮಾತ್ರ ಅವಳು ಆಲೆಮನೆಯಂಥ ಜಾಗಗಳ ಕಡೆ ಮುಖ ಮಾಡುತ್ತಾಳೆ.

7. ಹದಿನಾರರ ಹುಡುಗಿ ಮತ್ತು ಪೋಕ್ಸೊ

ಈ ಪಾಠ ಎಲ್ಲಕ್ಕಿಂತ ಕಷ್ಟದ್ದು.

ಹೈಸ್ಕೂಲು ಹುಡುಗಿಯನ್ನು ತಾಯಿ ಕರೆತಂದಿದ್ದರು. "ಹೊಟ್ಟಿ ಉಬ್ಬೇತ್ರೀ ಮೇಡಂ, ಗ್ಯಾಸ್ ಆಗಿರಬೇಕು. ಊಟಾ ಮಾಡಂಗಿಲ್ಲ." ಹೊಟ್ಟೆಯ ಮೇಲೆ ಕೈ ಇಟ್ಟ ಕೂಡಲೇ ನನಗೆ ಗೊತ್ತಾಯಿತು. ಸ್ಕ್ಯಾನಿಂಗಿನಲ್ಲಿ 21 ವಾರ. ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯ ಹತ್ತಿರ ಮೆಲ್ಲಗೆ ಮಾತಾಡಿದೆ. ಬಹಳ ಹೊತ್ತು ಸುಮ್ಮನಿದ್ದು, ಯೂನಿಫಾರ್ಮಿನ ವೇಲಿನ ತುದಿ ಸುತ್ತುತ್ತ, "ಒಂದ ಸಲಕ್ಕ ಹಿಂಗ ಆಗ್ತೈತೇನ್ರೀ?" ಎಂದು ಕೇಳಿದಳು. ಮುಟ್ಟು ನಿಂತದ್ದು ರಕ್ತ ಕಡಿಮೆಯಾಗಿ ಎಂದುಕೊಂಡು ಶಾಲೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಳು.

2012ರ ಪೋಕ್ಸೊ ಕಾಯ್ದೆ 18 ತುಂಬದವರ ಜೊತೆಗಿನ ಯಾವುದೇ ಲೈಂಗಿಕ ಸಂಪರ್ಕವನ್ನು ಅಪರಾಧ ಎನ್ನುತ್ತದೆ. ಗೊತ್ತಾದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಈ ನಿಯಮ ಬೇಕು. ಮನೆಯೊಳಗಿನ ಚಿಕ್ಕಪ್ಪ, ಮಾವ, ಪಕ್ಕದ ಮನೆಯವನು ಮಾಡಿದ ಕೃತ್ಯ ಎಷ್ಟೋ ಸಲ ಹೊರಬಂದಿರುವುದು ಇದರಿಂದಲೇ. ಆದರೆ "ಪೊಲೀಸರಿಗೆ ತಿಳಿಸಬೇಕಾಗ್ತದ" ಎಂದ ಕೂಡಲೇ ಎಷ್ಟೋ ತಾಯಂದಿರು ಮಗಳ ಕೈ ಹಿಡಿದು ಎದ್ದು ಹೋಗುತ್ತಾರೆ. ಹೋಗುವುದು ಊರ ಹೊರಗಿನ ನಕಲಿ ವೈದ್ಯನ ಹತ್ತಿರ. ಅದಕ್ಕೇ 2022ರ ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಅವಳ ಹೆಸರು, ಗುರುತು ಬಿಟ್ಟು ವರದಿ ಕೊಡಬಹುದು ಎಂದು ಹೇಳಿತು. ಇದು ಎಷ್ಟೋ ಠಾಣೆಗಳಿಗೆ, ಎಷ್ಟೋ ವೈದ್ಯರಿಗೆ ಇನ್ನೂ ಗೊತ್ತಿಲ್ಲ. ನಾನು ತೀರ್ಪಿನ ಆ ಪುಟಗಳ ಪ್ರತಿಯನ್ನು ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೇನೆ. ಆ ತಾಯಿಗೆ ಓದಿ ಹೇಳಿದೆ. ಉಳಿದರು.

ಬಾಲ್ಯವಿವಾಹದ ಹುಡುಗಿಯರದ್ದು ಇನ್ನೊಂದು ಬಗೆ. ಬಸುರಿಯರಿಗೆ ಕೊಡುವ 'ತಾಯಿ ಕಾರ್ಡಿ'ಗಾಗಿ ಬರುತ್ತಾರೆ, ಆಧಾರ್ ನೋಡಿದರೆ ಹದಿನೇಳು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿಕೊಂಡಿದೆ. ಅದನ್ನು ಮೆಚ್ಚಿ, ಹದಿನೆಂಟು ತುಂಬದ ಹೆಂಡತಿಯ ಜೊತೆಗಿನ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಆದರೂ ನಮ್ಮ ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ.

ಪ್ರೀತಿಸಿ ಓಡಿಹೋದ ಹದಿನಾರು, ಹದಿನೇಳರ ಮಕ್ಕಳ ಪೋಕ್ಸೊ ಪ್ರಕರಣಗಳೇ ಬಂದು ಬಂದು, 2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ ಮರುವರ್ಷ, ವಯಸ್ಸು ಇಳಿಸುವುದು ಬೇಡ ಎಂದಿತು. ಆ ಚರ್ಚೆ ದೊಡ್ಡವರದ್ದು. ಅದೇ ಆದೇಶದಲ್ಲಿ ಧಾರವಾಡ ಪೀಠ ಇನ್ನೊಂದು ಮಾತು ಹೇಳಿತ್ತು: ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಕಾಯ್ದೆಯನ್ನು ತಿಳಿಸಿಕೊಡಲು ಶಿಕ್ಷಣ ಇಲಾಖೆ ಪಠ್ಯ ಸಿದ್ಧಮಾಡಲಿ. ನನಗೆ ಬೇಕಾದ್ದು ಅದು. ಯಾವುದು ಜೈಲಿಗೆ ಒಯ್ಯುತ್ತದೆ ಎಂದು ಹದಿನೆಂಟರ ಹುಡುಗನಿಗೂ ಯಾರೂ ಹೇಳಿರುವುದಿಲ್ಲ.

8. ಹುಡುಗರ ಪ್ರಶ್ನೆಗಳು

ಹೈಸ್ಕೂಲುಗಳಿಗೆ ಆರೋಗ್ಯ ಶಿಬಿರಕ್ಕೆ ಹೋದಾಗ ಮುಚ್ಚಿದ ರಟ್ಟಿನ ಡಬ್ಬ ಇಡುತ್ತೇನೆ. ಹೆಸರು ಬರೆಯದೆ ಚೀಟಿ ಹಾಕಬೇಕು. ಹುಡುಗಿಯರ ಚೀಟಿಗಳಲ್ಲಿ ಮುಟ್ಟಿನ ನೋವು, ಬಿಳಿ ಸೆರಗು, ಪೂಜೆಗೆ ಕೂರಬಹುದೇ ಎಂಬುದು. ಹುಡುಗರ ಚೀಟಿಗಳಲ್ಲಿ ಭಯವೇ ಭಯ. ರಾತ್ರಿ ವೀರ್ಯ ಹೋದರೆ ಶಕ್ತಿ ಹೋಗುತ್ತದೆಯೇ, ಮುಂದೆ ಮಕ್ಕಳಾಗುತ್ತವೆಯೇ, ಮೊಬೈಲಿನಲ್ಲಿ ನೋಡಿದ ಹಾಗೆಯೇ ಎಲ್ಲರೂ ಇರುತ್ತಾರೆಯೇ. ಬಸ್‌ಸ್ಟ್ಯಾಂಡಿನ ಗೋಡೆಯ ಗುಪ್ತರೋಗದ ಜಾಹೀರಾತೂ ಮೊಬೈಲೂ ಅವರಿಗೆ ಪಾಠ ಹೇಳಿಯಾಗಿದೆ. ನಾವು ಬಾಯಿ ಮುಚ್ಚಿಕೊಂಡರೆ ಅವರು ಮುಗ್ಧರಾಗಿ ಉಳಿಯುವುದಿಲ್ಲ, ತಪ್ಪು ಕಲಿತವರಾಗಿ ಉಳಿಯುತ್ತಾರೆ.

ಹುಡುಗರನ್ನು ಮೈದಾನಕ್ಕೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳುವ ಪದ್ಧತಿ ಎಲ್ಲ ಕಡೆ ಇದೆ. ಅದು ನಿಲ್ಲಬೇಕು. ಬೇಡ ಎಂದರೆ ಬೇಡ ಎಂಬ ಪಾಠ ಮೊದಲು ಬೇಕಾದ್ದು ಹುಡುಗರಿಗೆ.

9. ಪಠ್ಯದಲ್ಲಿದೆ, ತರಗತಿಯಲ್ಲಿಲ್ಲ

2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ನಿಲ್ಲಿಸಿದವು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ಇತ್ತು. 2009ರಲ್ಲಿ ಆಗ ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದ ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ಅರ್ಜಿಗಳ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದು ವರದಿ ಕೊಟ್ಟಿತು. ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬುದು ಎಲ್ಲ ಕಡೆಯ ವಾದ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ವಿರುದ್ಧವಾಗಿ, ಸಮಗ್ರ ಲೈಂಗಿಕ ಶಿಕ್ಷಣದ ಬಗ್ಗೆ ಯೋಚಿಸಿ ಎಂದು ಕೇಂದ್ರಕ್ಕೆ ಸಲಹೆ ಕೊಟ್ಟಿತು. ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಹಾದಿ ತಪ್ಪುತ್ತಾರೆ ಎಂಬುದಕ್ಕೆ ಆಧಾರವಿಲ್ಲ ಎಂದು ಯುನೆಸ್ಕೊ ದೇಶ ದೇಶಗಳ ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಹೇಳಿದೆ.

ಸಂಸ್ಕೃತಿಯ ಮಾತಿಗೆ ಬಂದರೆ, 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು ನಮ್ಮ ಮೈಸೂರು ಸಂಸ್ಥಾನ. ವೈದ್ಯೆ ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ' ಬರೆದದ್ದು ಕನ್ನಡದಲ್ಲಿ, ಕನ್ನಡದ ಮನೆಗಳಿಗೆ. ನನ್ನ ಓರಗೆಯ ಎಷ್ಟೋ ಹೆಣ್ಣುಮಕ್ಕಳು ತಾಯಿಯ ಟ್ರಂಕಿನಿಂದ ತೆಗೆದು ಓದಿದ ಪುಸ್ತಕಗಳವು.

ಇಂದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ, ಗರ್ಭನಿರೋಧಕಗಳ ವಿಷಯವೂ ಇದೆ. ದಾಸವಾಳದ ಹೂವನ್ನು ಸೀಳಿ ಕೇಸರ, ಅಂಡಾಶಯ ತೋರಿಸುವ ಮೇಷ್ಟ್ರು, ಮನುಷ್ಯರ ಭಾಗ ಬಂದಾಗ "ಇದನ್ನ ಮನ್ಯಾಗ ಓದಿಕೊಳ್ರಿ" ಎನ್ನುತ್ತಾರೆ. ಅವರನ್ನು ದೂರುವುದಿಲ್ಲ. ಹೇಳಿಕೊಡುವುದು ಹೇಗೆಂದು ಅವರಿಗೂ ಯಾರೂ ಹೇಳಿಕೊಟ್ಟಿಲ್ಲ, ಮರುದಿನ ಊರಿನವರು ಬಂದು ಜಗಳ ತೆಗೆದರೆ ಇಲಾಖೆ ಬೆನ್ನಿಗೆ ನಿಲ್ಲುತ್ತದೆಂಬ ಭರವಸೆಯಿಲ್ಲ.

10. ಗುಟ್ಟು ಕಾಯುವುದೂ ಚಿಕಿತ್ಸೆಯೇ

ತುಂಬಿದ ಓಪಿಡಿಯಲ್ಲಿ ಗಟ್ಟಿ ದನಿಯಲ್ಲಿ "ಮದುವಿ ಆಗೇತೇನು?" ಎಂದು ಕೇಳಿದರೆ ಆ ಹೆಣ್ಣುಮಗಳು ಮತ್ತೆ ಬರುವುದಿಲ್ಲ. ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ಕಾನೂನು ಒಪ್ಪಿದವರ ಹೊರತು ಬೇರೆಯವರಿಗೆ ಹೇಳಿದರೆ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿಯಲ್ಲಿದೆ. ನರ್ಸಮ್ಮನಿಗೂ ಆಯಾಗೂ ಸ್ಕ್ಯಾನಿಂಗ್ ಕೋಣೆಯ ಹುಡುಗನಿಗೂ ಇದನ್ನು ನಾವೇ ತಿಳಿಸಬೇಕು.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ, ಕಾಂಪೌಂಡು ಮತ್ತು ಬಿಸಿಯೂಟದ ಮಾತು ಮುಗಿದ ಮೇಲೆ, ಹತ್ತನೇ ತರಗತಿಯ ಆ ಪಾಠವನ್ನು ಈ ವರ್ಷ ಓದಿಸಿದ್ದೀರಾ ಎಂದು ಕೇಳಿ. ಇಲ್ಲವೆಂದರೆ ಮೇಷ್ಟ್ರ ಮೇಲೆ ಸಿಟ್ಟಾಗಬೇಡಿ. ನಾವು ನಿಮ್ಮ ಜೊತೆಗಿದ್ದೇವೆ, ಓದಿಸಿ ಎನ್ನಿ. ಮುಜುಗರವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಒಂದು ಪತ್ರ ಬರೆಸಿ. ಕರೆದರೆ ನಾವು ಬರುತ್ತೇವೆ.